ಸೂಜಕ್ಕನ ನವಿಲುಗರಿ ಚಾವಣಿ

ಹೊನ್ನೆಮರದ ದಿಣ್ಣೆಯಿಂದ ಕೆರೆಗೆ ಇಳಿಯುವ ದಾರಿಯಲ್ಲಿ ಅಕ್ಕಪಕ್ಕ ಎರಡು ಗುಡಿಸಲುಗಳಿದ್ದವು. ಒಂದರಲ್ಲಿ ಸೂಜಕ್ಕ ಎಂಬ ಮುಳ್ಳುಹಂದಿ, ಅವಳ ಗಂಡ ಮುಳ್ಳಯ್ಯ ಮತ್ತು ಅವರ ಎರಡು ಎಳೆಯ ಮರಿಗಳು ಇದ್ದವು. ಇನ್ನೊಂದರಲ್ಲಿ ಚಂಗಮ್ಮ ಎಂಬ ಮೊಲ ತನ್ನ ನಾಲ್ಕು ಮರಿಗಳನ್ನು ಕಟ್ಟಿಕೊಂಡು ಬಾಳುತ್ತಿದ್ದಳು.

ಮಕ್ಕಳೇ, ಸೂಜಕ್ಕ ಕೆಟ್ಟವಳಲ್ಲ. ಚಂಗಮ್ಮನ ಮರಿಗೆ ಹೊಟ್ಟೆನೋವು ಬಂದರೆ ಕಾಡೆಲ್ಲ ತಿರುಗಿ ಬೇರು ಅಗೆದು ತಂದು, ಅರೆದು ಕುಡಿಸುತ್ತಿದ್ದವಳು ಅವಳೇ. ಪಕ್ಕದ ಮನೆಯಲ್ಲಿ ಯಾರಾದರೂ ಅತ್ತರೆ ಅವಳಿಗೆ ತಡೆಯುತ್ತಿರಲಿಲ್ಲ. ಆದರೆ ಪಕ್ಕದ ಮನೆಯಲ್ಲಿ ನಗು ಕೇಳಿದರೂ ಅವಳಿಗೆ ತಡೆಯುತ್ತಿರಲಿಲ್ಲ! ಅದೇ ಅವಳ ಕಾಯಿಲೆ.

ನಾವಾದರೆ ಹೊಟ್ಟೆಕಿಚ್ಚನ್ನು ಹೊಟ್ಟೆಯಲ್ಲೇ ಮುಚ್ಚಿಟ್ಟುಕೊಂಡು ಮೇಲೆ ನಗಬಹುದು. ಮುಳ್ಳುಹಂದಿಗೆ ಆ ಭಾಗ್ಯವಿಲ್ಲ. ಸೂಜಕ್ಕನಿಗೆ ಒಳಗೆ ಕಿಚ್ಚು ಹತ್ತಿದ ಕೂಡಲೇ ಬೆನ್ನ ಮೇಲಿನ ಮುಳ್ಳುಗಳೆಲ್ಲ ಎದ್ದು ನಿಂತು ಜಲಜಲ ಸದ್ದು ಮಾಡುತ್ತಿದ್ದವು. "ಚಳಿ ಕಣೇ, ಚಳಿ" ಎನ್ನುತ್ತಿದ್ದಳು ಅವಳು, ಸುಡುವ ಬಿಸಿಲಿನಲ್ಲೂ.

ಆ ವರ್ಷ ಮುಂಗಾರಿಗೆ ಮುಂಚೆ ಎರಡು ಗುಡಿಸಲುಗಳ ಹುಲ್ಲೂ ಹಳತಾಗಿ, ಕಪ್ಪಾಗಿ, ಉದುರತೊಡಗಿತ್ತು. ಚಂಗಮ್ಮ ಸುಮ್ಮನೆ ಕೂರಲಿಲ್ಲ. ಕಾಡೆಲ್ಲ ಸುತ್ತಿ, ಯಾರ ಮನೆ ಸೋರುವುದಿಲ್ಲವೋ ಅವರ ಬಾಗಿಲಿಗೆ ಹೋಗಿ, "ನಿಮ್ಮ ಚಾವಣಿ ಹೊದಿಸಿದವರು ಯಾರು?" ಎಂದು ಕೇಳಿದಳು. ಹೆಚ್ಚಿನವರು ಒಂದೇ ಹೆಸರು ಹೇಳಿದರು. ಕೆರೆಯಂಚಿನ ಜಾಲಿಮರದ ಗೀಜಗ.

ಗೀಜಗ ಬಂದ. ಕೆಲಸಗಾರನೇನೋ ಹೌದು, ಬಾಯಿ ಮಾತ್ರ ಬಲು ಒರಟು. ಅವನ ಹಿಂದೆಯೇ ಅವನ ಹೆಂಡತಿಯೂ ಬಂದಳು. ಅವನು ಹೊದಿಸಿದ್ದನ್ನೆಲ್ಲ ಅವಳು ಕೊಕ್ಕಿನಿಂದ ಎಳೆದೆಳೆದು ನೋಡುವಳು. ಸಡಿಲವಾಗಿದ್ದರೆ, "ಬಿಚ್ಚು!" ಎನ್ನುವಳು. ಅವನು ಗೊಣಗುತ್ತ ಬಿಚ್ಚಿ, ಗೊಣಗುತ್ತ ಮತ್ತೆ ಕಟ್ಟುವನು.

ಚಂಗಮ್ಮ ಕೂಲಿಯ ಮಾತೆತ್ತಿದಾಗ ಗೀಜಗ, "ಈಗ ಬೇಡ. ಒಂದು ಮಳೆ ಹೊಡೀಲಿ. ಸೋರದಿದ್ದರೆ ಕೊಡು" ಎಂದುಬಿಟ್ಟ.

ಚಂಗಮ್ಮನ ಮನೆಯ ಮೇಲೆ ಹೊಂಬಣ್ಣದ ಬಾದೆಹುಲ್ಲು ಸಾಲುಸಾಲಾಗಿ ಏರಿತು. ಅತ್ತ ಹುಲ್ಲು ಏರಿದಂತೆ ಇತ್ತ ಸೂಜಕ್ಕನ ಮುಳ್ಳೂ ಏರಿತು.

"ನೋಡಿ, ನೋಡಿ" ಎಂದಳು ಗಂಡನಿಗೆ. "ನಾವು ಈ ದಾರಿಗೆ ಮೊದಲು ಬಂದವರು. ಅವಳು ನಿನ್ನೆ ಮೊನ್ನೆ ಬಂದವಳು. ಅವಳ ಮನೆಗೆ ಮೊದಲು ಚಾವಣಿ!"

"ನಮ್ಮದನ್ನೂ ಹೊದಿಸೋಣ ಬಿಡೇ. ಆ ಗೀಜಗನನ್ನೇ ಕೇಳಿದರಾಯ್ತು" ಎಂದ ಮುಳ್ಳಯ್ಯ.

ಸೂಜಕ್ಕ ಸರಸರನೆ ಹೋಗಿ ಚಂಗಮ್ಮನ ಅಂಗಳದಲ್ಲಿ ನಿಂತು ಮೇಲೆ ನೋಡಿದಳು. "ಗೀಜಗಣ್ಣಾ, ಇದನ್ನು ಇಲ್ಲಿಗೇ ನಿಲ್ಲಿಸಿ ನಮ್ಮ ಮನೆಗೆ ಬಾ. ನಮ್ಮದು ಮುಗಿಸಿ ಆಮೇಲೆ ಇದಕ್ಕೆ ಬರುವಿಯಂತೆ."

ಗೀಜಗ ತಲೆ ಎತ್ತಲಿಲ್ಲ. "ಒಬ್ಬರ ಮನೆ ಅರ್ಧ ಬಿಚ್ಚಿಟ್ಟು ಇನ್ನೊಬ್ಬರ ಮನೆಗೆ ಹೋಗೋನು ನಾನಲ್ಲ. ನಿನ್ನ ಮನೆಯ ನಡುತೊಲೆ ಬೇರೆ ಗೆದ್ದಲು ತಿಂದು ಟೊಳ್ಳಾಗಿದೆ, ಮೇಲಿಂದ ನೋಡಿದೆ. ಮೊದಲು ಅದನ್ನು ಬದಲಾಯಿಸಬೇಕು. ಇಲ್ಲಿ ಮುಗಿದ ಮೇಲೆ ಬರ್ತೀನಿ, ಕಾದಿರು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಚಂಗಮ್ಮನ ಎದುರಿಗೇ ಹೇಳಿದ್ದ! ಸೂಜಕ್ಕನ ಮುಳ್ಳುಗಳು ಜಲಜಲ ಎಂದವು.

"ಚಳಿ ಏನಕ್ಕಾ?" ಎಂದಳು ಚಂಗಮ್ಮ. ಪಾಪ, ನಿಜವಾಗಿಯೇ ಕೇಳಿದಳು.

ಸೂಜಕ್ಕ ಮನೆಗೆ ಬಂದು ಗಂಡನಿಗೆ ಹೇಳಿದಳು, "ಆ ಗೀಜಗ ನಮಗೆ ಬೇಡವೇ ಬೇಡ. ಅವಳು ಹುಡುಕಿದವನು ನಮಗೇಕೆ? ಅವಳ ಎಂಜಲು ತಿಂದ ಹಾಗೆ. ಅವಳು ಬಾಯಿಬಿಟ್ಟು ನೋಡಬೇಕು, ಅಂಥ ಚಾವಣಿ ಹೊದಿಸುವವನು ಬೇಕು."

ಅಂಥವನು ಸಿಗುವುದು ತಡವಾಗಲಿಲ್ಲ. ಹೊಟ್ಟೆಕಿಚ್ಚಿನ ಮನೆಯ ಹೊಗೆ ಬಹಳ ದೂರಕ್ಕೆ ಕಾಣುತ್ತದೆ.

ಮರುದಿನ ಬೆಳಿಗ್ಗೆ ಬೇಲಿಯ ಮೇಲೆ ಒಂದು ಕೆಂಬೂತ ಬಂದು ಕುಳಿತ. ಕೆಂಡದಂಥ ಕಣ್ಣು, ಮಿರಮಿರ ಮಿಂಚುವ ಉದ್ದ ಬಾಲ, ಗವಿಯೊಳಗಿಂದ ಬಂದಂಥ ದನಿ. "ಊಪ್, ಊಪ್! ಚಾವಣಿ ಕೆಲಸ ಇದೆಯಂತೆ, ತಾಯಿ?"

"ಇದೆ" ಎಂದಳು ಸೂಜಕ್ಕ.

"ಪಕ್ಕದ ಮನೆಯದ್ದು ಈಗ ತಾನೇ ನೋಡಿ ಬಂದೆ" ಎಂದ ಕೆಂಬೂತ. "ಗೀಜಗನ ಕೈಯ ಕೆಲಸ. ಅಂದವಾಗಿದೆ."

ಸೂಜಕ್ಕನ ಮುಳ್ಳುಗಳು ಎದ್ದವು. ಕೆಂಬೂತ ಅದನ್ನು ನೋಡಿದ. ಕೂಡಲೇ ಮಾತು ಹೊರಳಿಸಿದ. "ಅಂದ ಅಂತಂದೆ. ಆದರೆ ಹುಲ್ಲು ಹುಲ್ಲೇ ಅಲ್ಲವಾ ತಾಯಿ? ದನದ ಮುಂದೆ ಹಾಕೋದನ್ನು ಆಕೆ ತಲೆ ಮೇಲೆ ಹಾಕಿಕೊಂಡಿದ್ದಾಳೆ!"

ಮುಳ್ಳುಗಳು ಮೆತ್ತಗೆ ಮಲಗಿದವು. ಸೂಜಕ್ಕನ ಮುಖದಲ್ಲಿ ನಗು ಮೂಡಿತು.

ಕೆಂಬೂತನಿಗೆ ಅಷ್ಟು ಸಾಕಾಗಿತ್ತು. ಈ ಮನೆಯಲ್ಲಿ ಮಳೆಯ ಮಾತು ಆಡಬೇಕಾಗಿಲ್ಲ, ಪಕ್ಕದ ಮನೆಯ ಮಾತು ಆಡಿದರೆ ಸಾಕು ಎಂದು ಅವನಿಗೆ ತಿಳಿದುಹೋಯಿತು.

"ನಿಮ್ಮ ಮನೆಗೆ ಹುಲ್ಲು ಸಲ್ಲದು ತಾಯಿ" ಎಂದ. "ಹಚ್ಚಹಸಿರು ಮುತ್ತುಗದೆಲೆ, ಅದರ ಮೇಲೆ ನೆತ್ತಿಯುದ್ದಕ್ಕೂ ನವಿಲುಗರಿ. ಕೆರೆಯ ಆ ದಡದಿಂದಲೂ ಕಾಣಬೇಕು. ದಾರಿಯಲ್ಲಿ ಹೋಗುವವರು ನಿಂತು, 'ಇದು ಯಾರ ಮನೆ?' ಅನ್ನಬೇಕು. ಆ ಮೊಲಮ್ಮನ ಕಡೆ ಯಾರೂ ತಿರುಗಿ ನೋಡಬಾರದು!"

ಒಳಗಿನಿಂದ ಮುಳ್ಳಯ್ಯ ಬಂದ. "ಎಲ್ಲ ಸರಿಯಪ್ಪ. ಇಲ್ಲಿ ಸುತ್ತಮುತ್ತ ನೀನು ಹೊದಿಸಿದ ಮನೆ ಯಾವುದಿದೆ?"

"ಸುತ್ತಮುತ್ತಲಿನವರಿಗೆ ನನ್ನ ಕೆಲಸ ಎಟುಕೋದಿಲ್ಲ ಸ್ವಾಮಿ. ನನ್ನ ಮನೆಗಳೆಲ್ಲ ಬೆಟ್ಟದಾಚೆ."

"ನಡುತೊಲೆ ಟೊಳ್ಳಾಗಿದೆ ಅಂತಾರೆ. ಅದಕ್ಕೇನು ಮಾಡ್ತೀಯ?"

"ಯಾರು ಅಂದರು? ಗೀಜಗನಾ?" ಕೆಂಬೂತ ಸೂಜಕ್ಕನ ಕಡೆ ತಿರುಗಿ ಮೆಲ್ಲಗೆ ಹೇಳಿದ, "ತೊಲೆ ಬದಲಾಯಿಸುತ್ತ ಕೂತರೆ ಮೊಲಮ್ಮನ ಮನೆ ಮೊದಲು ಮುಗಿಯುತ್ತೆ ತಾಯಿ. ನಿಮ್ಮಿಷ್ಟ."

"ತೊಲೆ ಗಟ್ಟಿಯಾಗೇ ಇದೆ" ಎಂದಳು ಸೂಜಕ್ಕ. "ಇವತ್ತೇ ಶುರು ಮಾಡು."

"ಊಪ್! ಕೂಲಿಯ ಕಡಲೆಕಾಯಿ ಮಾತ್ರ ಮೊದಲೇ ಕೊಡಬೇಕು. ನವಿಲುಗರಿ ತರಬೇಕಲ್ಲ."

ಮುಳ್ಳಯ್ಯ ಹೆಂಡತಿಯನ್ನು ಪಕ್ಕಕ್ಕೆ ಕರೆದ. "ಬೇಡವೇ. ನವಿಲು ಕುಣಿಯೋದನ್ನು ನೋಡಿ ಕೆಂಬೂತ ಪುಕ್ಕ ಕೆದರಿಕೊಂಡಿತು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಇವನ ಮಾತಿನಲ್ಲಿ ಮಳೆ ಅನ್ನೋ ಪದವೇ ಬರಲಿಲ್ಲ, ಗಮನಿಸಿದೆಯಾ?"

"ನಿಮಗೆ ನಾನು ನಾಲ್ಕು ಜನರ ಎದುರು ತಲೆ ಎತ್ತಿ ನಡೆಯೋದು ಬೇಕಿಲ್ಲ" ಎಂದು ಸೂಜಕ್ಕ ಕಣ್ಣೊರೆಸಿಕೊಂಡಳು.

ಮುಳ್ಳಯ್ಯ ಸುಮ್ಮನಾದ. ಸುಮ್ಮನಾದದ್ದು ಅವನ ತಪ್ಪು. ಮಳೆಗಾಲಕ್ಕೆಂದು ಇಬ್ಬರೂ ಕಷ್ಟಪಟ್ಟು ಕೂಡಿಟ್ಟಿದ್ದ ಕಡಲೆಕಾಯಿಯೆಲ್ಲ ಕೆಂಬೂತನ ಪಾಲಾಯಿತು.

ಕೆಂಬೂತ ಹಳೆಯ ಹುಲ್ಲನ್ನು ಕಿತ್ತು ಎಸೆದ. ಟೊಳ್ಳು ತೊಲೆಗೆ ಕೆಮ್ಮಣ್ಣು ಮೆತ್ತಿ ಮುಚ್ಚಿದ. ಮುತ್ತುಗದೆಲೆಗಳನ್ನು ರಾಶಿ ರಾಶಿ ಸುರಿದು, ಗಾಳಿಗೆ ಹಾರದಿರಲೆಂದು ಮೇಲೆ ಒದ್ದೆ ಮಣ್ಣು ಬಳಿದ. ನೆತ್ತಿಯ ಮೇಲೆ ನವಿಲುಗರಿ ಸಿಕ್ಕಿಸಿದ. ಚಂಗಮ್ಮನ ಮನೆ ಮುಗಿಯುವ ಮೊದಲೇ ಸೂಜಕ್ಕನ ಮನೆ ಮುಗಿಯಿತು.

ನಿಜ ಹೇಳಬೇಕೆಂದರೆ, ಅದು ಚೆಂದವಾಗಿಯೇ ಇತ್ತು. ಬಿಸಿಲು ಬಿದ್ದರೆ ಗರಿಯ ಕಣ್ಣುಗಳು ನೀಲಿ ಹಸಿರಾಗಿ ಹೊಳೆಯುತ್ತಿದ್ದವು. ಕೆರೆಗೆ ನೀರಿಗೆ ಬಂದವರೆಲ್ಲ ನಿಂತು ನೋಡಿದರು. ಚಂಗಮ್ಮನೂ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.

"ಅಕ್ಕಾ, ಅರಮನೆ ಥರ ಇದೆ" ಎಂದಳು. ಅವಳ ಉದ್ದ ಕಿವಿಗಳು ಜೋತುಬಿದ್ದವು. ತನ್ನ ಮನೆಯ ಹುಲ್ಲಿನ ಕಡೆ ಒಮ್ಮೆ ತಿರುಗಿ, ಬೇಗ ಮುಖ ತಿರುಗಿಸಿಕೊಂಡಳು.

ಸೂಜಕ್ಕನಿಗೆ ಹೊಟ್ಟೆಕಿಚ್ಚು ಪಟ್ಟು ಅಭ್ಯಾಸವಿತ್ತು. ಇನ್ನೊಬ್ಬರು ತನ್ನನ್ನು ಕಂಡು ಹೊಟ್ಟೆಕಿಚ್ಚು ಪಡುವುದು ಇದೇ ಮೊದಲು. ಜೇನಿಗಿಂತ ಸಿಹಿಯಾಗಿತ್ತು ಅದು!

ಆಮೇಲೆ ಒಂದು ಸಣ್ಣ ಮಳೆ ಬಂತು. ಗುಡುಗಿಲ್ಲ, ಗಾಳಿಯಿಲ್ಲ, ನೆಲ ನೆನೆಯುವಷ್ಟು ತುಂತುರು ಅಷ್ಟೇ. ಅಷ್ಟಕ್ಕೇ ಸೂಜಕ್ಕನ ಮನೆ ತೊಟ್ಟಿಕ್ಕತೊಡಗಿತು. ಬಿಸಿಲಿಗೆ ಎಲೆಗಳು ಒಣಗಿ ಮುರುಟಿದ್ದವು. ಕೆಮ್ಮಣ್ಣು ಕರಗಿ ಕೆಂಪು ಹನಿಯಾಗಿ ಮರಿಗಳ ಮೂಗಿನ ಮೇಲೆ ಬಿತ್ತು. ಸೂಜಕ್ಕ ಇದ್ದಬದ್ದ ಸೋರೆಬುರುಡೆಗಳನ್ನೆಲ್ಲ ಕೆಳಗಿಟ್ಟಳು. ಇನ್ನೂ ನಾಲ್ಕು ಕಡೆ ಸೋರಿತು.

ಮಳೆ ನಿಂತ ಸ್ವಲ್ಪ ಹೊತ್ತಿಗೆ ಚಂಗಮ್ಮ ಹೊರಗಿನಿಂದ ಕೂಗಿದಳು. "ಅಕ್ಕಾ, ಸೋರಲಿಲ್ಲ ತಾನೇ?"

ಸೂಜಕ್ಕ ಓಡಿ ಬಂದು ಬಾಗಿಲಿಗೆ ಅಡ್ಡವಾಗಿ ನಿಂತಳು, ಒಳಗಿನದು ಕಾಣಬಾರದು ಎಂದು.

"ಸೋರೋದಾ? ಒಂದು ಹನಿಯೂ ಇಲ್ಲ! ನಿನ್ನದು?"

"ನನ್ನದೂ ಸೋರಲಿಲ್ಲ" ಎಂದಳು ಚಂಗಮ್ಮ, ಸಪ್ಪಗೆ. "ಗೀಜಗಣ್ಣನಿಗೆ ಈಗ ತಾನೇ ಕೂಲಿ ಕೊಟ್ಟು ಕಳಿಸಿದೆ. ಆದರೆ ಅಕ್ಕಾ, ನಿನ್ನದರ ಚೆಂದ ನನ್ನದಕ್ಕೆಲ್ಲಿ? ನನ್ನ ಮಕ್ಕಳೂ ದಿನಾ ಕೇಳ್ತಾವೆ, ನಮಗೆ ಯಾಕೆ ನವಿಲುಗರಿ ಇಲ್ಲ ಅಂತ."

ಆಗಲೇ ಹೇಳಿಬಿಡಬಹುದಿತ್ತು. "ಬಾ ಚಂಗಮ್ಮ, ಒಳಗೆ ಬಂದು ನೋಡು" ಅಂದಿದ್ದರೆ ಸಾಕಿತ್ತು. ಸೂಜಕ್ಕ ಹೇಳಲಿಲ್ಲ. "ಎಲ್ಲರಿಗೂ ಎಲ್ಲ ಎಲ್ಲಿ ಸಿಗುತ್ತೆ ಬಿಡು" ಎಂದು ನಕ್ಕು ಒಳಗೆ ಹೋದಳು. ಒಳಗೆ ಹೋಗಿ ಸೋರೆಬುರುಡೆಯ ನೀರು ಎತ್ತಿ ಎತ್ತಿ ಹಿತ್ತಿಲಿಗೆ ಚೆಲ್ಲಿದಳು.

ಮಾರನೆಯ ದಿನ ಬೆಳಿಗ್ಗೆ "ಊಪ್, ಊಪ್" ಎಂಬ ಸದ್ದು ಕೇಳಿ ಸೂಜಕ್ಕ ಹೊರಗೆ ಬಂದಳು. ಕೆಂಬೂತ ಚಂಗಮ್ಮನ ಬೇಲಿಯ ಮೇಲಿದ್ದ. ಚಂಗಮ್ಮ ತನ್ನ ಕಡಲೆಕಾಯಿ ಗಂಟನ್ನು ಅವನ ಮುಂದೆ ಇಡುತ್ತಿದ್ದಳು.

"ಈ ದನದ ಮೇವನ್ನು ಮೊದಲು ಕಿತ್ತು ಎಸೀತೀನಿ ತಾಯಿ" ಎನ್ನುತ್ತಿದ್ದ ಕೆಂಬೂತ. "ಆಮೇಲೆ ನೋಡಿ, ಆ ಮುಳ್ಳಮ್ಮನ ಮನೆ ನಿಮ್ಮದರ ಮುಂದೆ ಹಟ್ಟಿ ಹಾಗೆ ಕಾಣುತ್ತೆ!"

ಅವನು ಮೇಲೇರಿ ಬಾದೆಹುಲ್ಲಿನ ಒಂದು ಕಟ್ಟನ್ನು ಕಿತ್ತು ಕೆಳಗೆ ಎಸೆದ. ಇನ್ನೊಂದು ಕಿತ್ತ. ಗೀಜಗ ಬಿಗಿದಿದ್ದ ಗಂಟುಗಳು ಬಿಡದೆ ಹಟ ಹಿಡಿದವು. ಕೆಂಬೂತ ಉಗುರಿನಿಂದ ಹರಿದ.

ಸೂಜಕ್ಕ ನೋಡುತ್ತ ನಿಂತಳು. ಬೇಡ ಎನ್ನಬೇಕು ಎಂದು ನಾಲಿಗೆ ತುದಿಗೆ ಬಂತು. ಆದರೆ ಇನ್ನೊಂದು ಯೋಚನೆ ಅದನ್ನು ಹಿಂದಕ್ಕೆ ಎಳೆಯಿತು. 'ಆಗಲಿ. ಅವಳ ಮನೆಯೂ ಸೋರಲಿ. ನಾನೊಬ್ಬಳೇ ಯಾಕೆ ನೆನೆಯಬೇಕು?' ಒಳಗೆ ತಣ್ಣಗಾದಂತೆ ಅನ್ನಿಸಿತು ಅವಳಿಗೆ. ಬೆನ್ನ ಮೇಲೆ ಒಂದು ಮುಳ್ಳೂ ಅಲುಗಲಿಲ್ಲ.

ಪಡುವಣದ ಕಡೆ ಮೋಡ ಕಟ್ಟುತ್ತಿತ್ತು. ಈ ಸಲದ್ದು ತುಂತುರಲ್ಲ, ಕಾಡಿಗೆಯಂಥ ಮೋಡ.

ಅಷ್ಟರಲ್ಲಿ ಅವಳ ಕಿರಿಯ ಮರಿ ಕೆಮ್ಮುತ್ತ ಹೊರಗೆ ಬಂತು. ಒದ್ದೆ ನೆಲದಲ್ಲಿ ಮಲಗಿ ಅದಕ್ಕೆ ನೆಗಡಿಯಾಗಿತ್ತು. ಪಕ್ಕದ ಮನೆಯ ಮೇಲಿದ್ದ ದೊಡ್ಡ ತೂತನ್ನು ಅದು ಕಣ್ಣರಳಿಸಿ ನೋಡಿತು.

"ಅಮ್ಮಾ, ಜೋರು ಮಳೆ ಬಂದರೆ ಚಂಗಮ್ಮ ಚಿಕ್ಕಮ್ಮನ ಮನೆಗೆ ಓಡೋಣ ಅಂತ ನಾನೂ ಅಣ್ಣನೂ ಮಾತಾಡಿಕೊಂಡಿದ್ದೆವು. ಈಗ ಆ ಮನೆಯನ್ನೂ ಬಿಚ್ಚುತ್ತಾ ಇದ್ದಾನಲ್ಲ! ಇನ್ನು ನಾವು ಎಲ್ಲಿಗೆ ಓಡೋದು?"

ಸೂಜಕ್ಕನಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು.

ಅವಳು ಓಡಿದಳು. ಬೇಲಿಯ ಸಂದಿಯಲ್ಲಿ ನುಗ್ಗಿ ಚಂಗಮ್ಮನ ಕೈ ಹಿಡಿದಳು. "ನಿಲ್ಲಿಸು ಚಂಗಮ್ಮ! ಅವನನ್ನು ಕೆಳಗೆ ಇಳಿಸು!"

ಚಂಗಮ್ಮ ಕೈ ಕೊಸರಿಕೊಂಡಳು. "ಯಾಕಕ್ಕಾ? ನನ್ನ ಮನೆ ಮೇಲೂ ನವಿಲುಗರಿ ಬಂದರೆ ನಿನಗೆ ಸಹಿಸೋಕಾಗಲ್ಲವಾ?"

ಈ ಮಾತು ಕೇಳಬೇಕಾದದ್ದೇ. ಸೂಜಕ್ಕ ನುಂಗಿಕೊಂಡಳು. "ಏನಾದರೂ ಅನ್ನು. ಒಂದು ಸಲ ನನ್ನ ಮನೆ ಒಳಗೆ ಬಾ" ಎಂದು ಎಳೆದುಕೊಂಡೇ ಹೋದಳು.

ಒಳಗೆ ಹೆಜ್ಜೆಯಿಟ್ಟ ಚಂಗಮ್ಮನ ಕಾಲು ಕೆಸರಿನಲ್ಲಿ ಹೂತಿತು. ಸಾಲು ಸಾಲು ಸೋರೆಬುರುಡೆಗಳು. ಮೂಲೆಯಲ್ಲಿ ಒದ್ದೆ ಹಾಸಿಗೆ. ಮೇಲೆ ನೋಡಿದರೆ ಮುರುಟಿದ ಎಲೆಗಳ ಸಂದಿಯಲ್ಲಿ ಕಪ್ಪು ಮೋಡ. ಮಣ್ಣು ಕರಗಿಹೋದ ತೊಲೆಯಲ್ಲಿ ಗೆದ್ದಲು ಕೊರೆದ ದೊಡ್ಡ ಬಿರುಕು.

"ಒಂದು ಹನಿಯೂ ಇಲ್ಲ ಅಂದೆಯಲ್ಲಕ್ಕಾ!"

"ಅಂದೆ" ಎಂದಳು ಸೂಜಕ್ಕ, ತಲೆ ತಗ್ಗಿಸಿ. "ನಿನ್ನ ಚಾವಣಿ ಕಂಡು ನಾನು ಉರಿದೆ. ಅದಕ್ಕೇ ಇವನನ್ನು ಕರೆಸಿದೆ. ಆಮೇಲೆ ನನ್ನದನ್ನು ಕಂಡು ನೀನು ಉರಿದೆ. ಅದು ನನಗೆ ಹಿತವಾಗಿತ್ತು. ಅದಕ್ಕೇ ಸುಳ್ಳು ಹೇಳಿದೆ. ಇವತ್ತೂ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ನಿನ್ನದೂ ಹಾಳಾಗಲಿ ಅಂತ."

ಚಂಗಮ್ಮನ ಕಣ್ಣಲ್ಲಿ ನೀರು ತುಂಬಿತು, ಸಿಟ್ಟಿನದೋ ದುಃಖದ್ದೋ. "ನಿನ್ನನ್ನೇ ಯಾಕೆ ಅನ್ನಲಿ? ಸೋರದ ಚಾವಣಿ ತಲೆ ಮೇಲಿತ್ತು. ನಾನೇ ಅದನ್ನು ಕೀಳಿಸಿದೆ. ಮೊದಲ ಸಲ ಮನೆ ಮನೆ ತಿರುಗಿ ವಿಚಾರಿಸಿದವಳು, ಈ ಸಲ ನಿನ್ನ ಮನೆ ಒಳಗೊಂದು ಸಲ ಇಣುಕಿಯೂ ನೋಡಲಿಲ್ಲ!"

ಇಬ್ಬರೂ ಹೊರಗೆ ಬಂದಾಗ ಕೆಂಬೂತ ಚಾವಣಿಯ ಮೇಲಿರಲಿಲ್ಲ. ಕಡಲೆಕಾಯಿ ಗಂಟೂ ಇರಲಿಲ್ಲ. ದೂರದ ಪೊದೆಗಳ ಮೇಲೆ ಉದ್ದನೆಯ ಬಾಲವೊಂದು ಮಿಂಚಿ ಮರೆಯಾಯಿತು. ಅರ್ಧ ಬಿಚ್ಚಿದ ಮನೆಯ ಒಳಗೆ ನಾಲ್ಕು ಮೊಲದ ಮರಿಗಳು ಆಕಾಶ ನೋಡುತ್ತ ಮುದುರಿ ಕುಳಿತಿದ್ದವು. ಗುಡುಗು ಉರುಳಿತು.

ಮುಳ್ಳಯ್ಯ ಜಾಲಿಮರದ ಕಡೆ ಓಡಿದ.

ಗೀಜಗ ಬಂದು ಹರಿದ ಹುಲ್ಲನ್ನು ನೋಡಿ ಕೆಂಡವಾದ. "ನಾನು ಬಿಗಿದ ಗಂಟನ್ನು ಕಿತ್ತರಾ? ಯಾರು ಕಿತ್ತರೋ ಅವರನ್ನೇ ಕರೆದು ಕಟ್ಟಿಸಿಕೊಳ್ಳಿ!"

"ಬೈಯೋದಿದ್ದರೆ ಆಮೇಲೆ ಬೈ" ಎಂದಳು ಅವನ ಹೆಂಡತಿ. "ಮರಿಗಳಿವೆ ಒಳಗೆ. ಹುಲ್ಲು ಎತ್ತು."

ಎಲ್ಲರೂ ಕೈಹಾಕಿದರು. ಚಂಗಮ್ಮ ಬಿದ್ದ ಹುಲ್ಲು ಆಯ್ದಳು, ಮುಳ್ಳಯ್ಯ ಕಟ್ಟು ಕಟ್ಟಿದ, ಗೀಜಗ ಹೊದಿಸಿದ. ಗಾಳಿ ಎದ್ದಿತು. ಗಂಟು ಬಿಗಿಯುವಷ್ಟು ಹೊತ್ತಿಲ್ಲ, ಇಟ್ಟ ಹುಲ್ಲು ಹಾರುತ್ತಿದೆ.

"ಚುಚ್ಚಿ ನಿಲ್ಲಿಸೋಕೆ ಏನಾದರೂ ಕೊಡಿ!" ಎಂದು ಗೀಜಗ ಕೂಗಿದ.

ಸೂಜಕ್ಕ ಹಿಂದುಮುಂದು ನೋಡಲಿಲ್ಲ. ತನ್ನ ಬೆನ್ನಿನ ಉದ್ದನೆಯ ಮುಳ್ಳೊಂದನ್ನು ಹಲ್ಲಿನಿಂದ ಹಿಡಿದು ಕಿತ್ತಳು. ನೋವಿಗೆ ಕಣ್ಣು ಕತ್ತಲಿಟ್ಟಿತು. ಮೇಲಕ್ಕೆ ಕೊಟ್ಟು, ಇನ್ನೊಂದು ಕಿತ್ತಳು. ಮತ್ತೊಂದು ಕಿತ್ತಳು. ಗೀಜಗ ಒಂದೊಂದನ್ನೂ ಹುಲ್ಲಿನ ಕಟ್ಟಿಗೆ ಚುಚ್ಚಿ ನಿಲ್ಲಿಸಿದ. ಕೊನೆಯ ಕಟ್ಟು ಕೂತಾಗ ಮಳೆಯ ದಪ್ಪ ಹನಿಗಳು ಪಟಪಟ ಬಿದ್ದವು.

ಆಮೇಲೆ ಬಂದದ್ದು ಮಳೆಯಲ್ಲ, ಆಕಾಶವೇ ಹರಿದು ಸುರಿಯಿತು. ಎರಡು ಮನೆಯವರೂ ಗೀಜಗ ದಂಪತಿಯೂ ಚಂಗಮ್ಮನ ಗುಡಿಸಲಿನಲ್ಲಿ ಒತ್ತಿಕೊಂಡು ಕುಳಿತರು. ಹೊರಗೆ ಧಡ್ ಎಂದು ಏನೋ ಮುರಿದು ಬಿತ್ತು. ಸೂಜಕ್ಕ ತನ್ನ ಎರಡು ಮರಿಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಮಳೆ ಬಿಟ್ಟ ಮೇಲೆ ನೋಡಿದರೆ ಅವಳ ಮನೆ ಇದ್ದ ಜಾಗದಲ್ಲಿ ಕೆಸರಿನ ಗುಡ್ಡೆಯಿತ್ತು. ಟೊಳ್ಳು ತೊಲೆ ನಡುವೆ ಎರಡು ತುಂಡಾಗಿತ್ತು. ಮರಿಗಳು ದಿನಾ ಮಲಗುವ ಜಾಗ ಅದರ ಕೆಳಗೇ ಇತ್ತು. ಸೂಜಕ್ಕ ಅದನ್ನು ನೋಡಿ ಕುಸಿದು ಕುಳಿತಳು. ಚಂಗಮ್ಮ ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರಿದಳು. ಮುಳ್ಳು ಕಿತ್ತ ಕಡೆ ನೋವಾಗದಂತೆ ಮೆಲ್ಲಗೆ ಸವರಿದಳು.

ಸೂಜಕ್ಕನ ಹೊಸ ಮನೆ ಕಟ್ಟಲು ಗೀಜಗ ಬಂದ. ಮೊದಲು ಸಿಟ್ಟೆಲ್ಲ ಬೈದು ಮುಗಿಸಿದ, ಆಮೇಲೆ ಕೆಲಸ ಹಿಡಿದ. ಹೊನ್ನೆಮರದ ಗಟ್ಟಿ ತೊಲೆ ನಿಲ್ಲಿಸಿದ, ಅದು ಅಲುಗುವುದಿಲ್ಲ ಎಂದು ಅವನ ಹೆಂಡತಿ ಒಪ್ಪಿದ ಮೇಲೆ ಬಾದೆಹುಲ್ಲು ಹೊದಿಸಿದ. ಅಲ್ಲಿಯವರೆಗೆ ಸೂಜಕ್ಕನ ಸಂಸಾರ ಚಂಗಮ್ಮನ ಮನೆಯಲ್ಲೇ ಉಳಿಯಿತು. ಇಕ್ಕಟ್ಟಾಗಿತ್ತು, ಮರಿಗಳು ಜಗಳವಾಡಿದವು, ಆದರೂ ದಿನ ಕಳೆಯಿತು.

ಕೆಲಸ ಮುಗಿದ ಮೇಲೆ ಒಂದು ದಿನ ಬೆಟ್ಟದ ಕಡೆಯಿಂದ ಒಂದು ಗೌಜಲಕ್ಕಿ ಹುಡುಕಿಕೊಂಡು ಬಂದಳು. ಅವಳ ಹಿಂದೆ ಹತ್ತಿಯುಂಡೆಗಳಂಥ ಮರಿಗಳು ಓಡಿಬರುತ್ತಿದ್ದವು.

"ಸೂಜಕ್ಕ ಅಂದರೆ ನೀವೇನಾ?" ಎಂದಳು ಗೌಜಲಕ್ಕಿ. "ನಮ್ಮ ಕಡೆ ಕೆಂಬೂತಣ್ಣ ಅಂತ ಒಬ್ಬರು ಬಂದಿದ್ದಾರೆ. ನವಿಲುಗರಿ ಚಾವಣಿ ಮಾಡ್ತಾರಂತೆ. ನಿಮ್ಮ ಮನೆಗೆ ಮಾಡಿದ್ದು ಅವರೇ ಅಂತ ಹೇಳಿಕೊಳ್ತಾ ಇದ್ದಾರೆ. ಕೆರೆಯ ಆ ದಡದವರೂ ನೋಡಿದ್ದೇವೆ ಅಂದರು. ಹೌದಾ? ಚೆನ್ನಾಗಿ ಮಾಡ್ತಾರಾ?"

ಚಂಗಮ್ಮ ಸೂಜಕ್ಕನ ಮುಖ ನೋಡಿದಳು. ಮುಳ್ಳಯ್ಯನೂ ನೋಡಿದ. ಹೊರಗಿನವಳ ಮುಂದೆ, ತನ್ನ ಮನೆ ಹೇಗೆ ಬಿತ್ತು ಎಂದು ತಾನೇ ಹೇಳಬೇಕು. ಸೂಜಕ್ಕನ ಮುಖ ಕೆಂಪಾಯಿತು. ಆಮೇಲೆ ಅವಳು ಎದ್ದಳು.

"ಹೌದಮ್ಮ, ಅವನೇ ಮಾಡಿದ್ದು" ಎಂದಳು. "ನಾನು ಬಾಯಲ್ಲಿ ಹೇಳೋದು ಬೇಡ. ಬಾ, ಮುರಿದ ತೊಲೆಯೂ ಕೊಳೆತ ಎಲೆಯೂ ಹಿತ್ತಿಲಲ್ಲಿ ಇನ್ನೂ ಬಿದ್ದಿವೆ. ತೋರಿಸ್ತೀನಿ."

ನೀತಿ: ನೆರೆಮನೆಯ ಮೇಲಿನ ಹೊಟ್ಟೆಕಿಚ್ಚಿನಿಂದ ಹೊದಿಸಿದ ಚಾವಣಿ ಮಳೆ ತಡೆಯದು; ಮನೆ ಹೊದಿಸುವವನನ್ನು ಅವನ ಮಾತು ಕೇಳಿ ಆರಿಸಬೇಡ, ಅವನು ಹೊದಿಸಿದ ಮನೆಯ ಒಳಗೆ ಹೋಗಿ ತಲೆ ಎತ್ತಿ ನೋಡಿ ಆರಿಸು.